ಸಾರಿನ ಪುಡಿ ಕಟ್ಟಿದ ಹಾಳೆ

"ನಿಮ್ಮ ಹಳೇ ಪ್ರೆಸ್ಸಿಂದ ಕಾಗದ ಬಂದಿದೆ. ಚೆನ್ನಾಗೇನೂ ಬಂದಿಲ್ಲ," ಎಂದರು ಮ್ಯಾನೇಜರು.

ಅಷ್ಟು ಹೇಳಿ ಮೇಜಿನ ಡ್ರಾಯರು ಮುಚ್ಚಿದರು. ಕಾಗದ ಅದರೊಳಗಿತ್ತು. ನನ್ನ ಕೈಯಲ್ಲಿ ಒಂದು ಕಟ್ಟು ಪ್ರೂಫು, ಬೆರಳಿಗೆಲ್ಲ ಕೆಂಪು ಮಸಿ. ಏನು ಬರೆದಿದ್ದಾರೆ ಸಾರ್ ಎಂದು ಕೇಳಬೇಕಿತ್ತು. ಸಾಮಾನ್ಯವಾಗಿ ನನ್ನದು ಸುಮ್ಮನಿರುವ ಬಾಯಲ್ಲ; ಬಸ್ಸಿನ ಕಂಡಕ್ಟರಿಂದ ಹಿಡಿದು ಪ್ರೆಸ್ಸಿನ ಯಜಮಾನರ ತನಕ ಯಾರನ್ನೂ ಬಿಟ್ಟವಳಲ್ಲ. ಅವತ್ತು ಮಾತ್ರ ಕೇಳಲಿಲ್ಲ. ಏನು ಬರೆದಿರಬಹುದು ಅನ್ನುವುದು ಕೇಳುವ ಮೊದಲೇ ನನಗೆ ಗೊತ್ತು ಅನ್ನಿಸಿತ್ತು.

"ಮುಂದಿನ ಶುಕ್ರವಾರಕ್ಕೆ ನಿಮ್ಮ ಆರು ತಿಂಗಳು ಮುಗಿಯುತ್ತೆ. ಖಾಯಂ ಮಾಡೋದೋ ಬೇಡ್ವೋ ಅಂತ ಓನರ್‌ಗೆ ನಾನು ಹೇಳ್ಬೇಕು. ನಿಮ್ಮ ಕಡೆಯಿಂದ ಹೇಳೋದೇನಾದ್ರೂ ಇದ್ರೆ ಅಷ್ಟರೊಳಗೆ ಹೇಳಿ," ಎಂದು ಮತ್ತೆ ತಮ್ಮ ಕೆಲಸಕ್ಕೆ ಬಗ್ಗಿದರು. ಅವತ್ತು ಬುಧವಾರ. ಒಂಬತ್ತು ದಿನ ಉಳಿದಿತ್ತು.

ಶಂಕರಪುರದ ಒಂದು ಹಳೇ ಮನೆಯ ಹಿತ್ತಲಿನಲ್ಲಿ, ಶೀಟು ಹೊದಿಸಿದ ಉದ್ದನೆಯ ಶೆಡ್ಡಿನಲ್ಲಿತ್ತು ಆ ಪ್ರೆಸ್ಸು. ಬ್ಯಾಂಕಿನ ಫಾರಮ್ಮು, ಕಾಲೇಜುಗಳ ಪ್ರಶ್ನೆಪತ್ರಿಕೆ, ಹೀಗೆ ಗುಟ್ಟಿನ ಕೆಲಸವೇ ಜಾಸ್ತಿ. ಅದಕ್ಕೇ ಹೊಸಬರನ್ನು ತೆಗೆದುಕೊಂಡರೆ ಅವರು ಮೊದಲಿದ್ದ ಕಡೆಗೆ ಕಾಗದ ಬರೆದು ವಿಚಾರಿಸುವ ಪದ್ಧತಿ. ನಾನಲ್ಲಿ ಕನ್ನಡ ಪ್ರೂಫ್ ನೋಡುತ್ತಿದ್ದೆ. ಅದಕ್ಕೆ ಮುಂಚೆ ಆರು ವರ್ಷ ನಗರ್ತಪೇಟೆಯ ಇನ್ನೊಂದು ಪ್ರೆಸ್ಸಿನಲ್ಲಿ ಅದೇ ಕೆಲಸ ಮಾಡಿದ್ದೆ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅಚ್ಚಿನ ಮೊಳೆ ಜೋಡಿಸುವುದು ಹೋಗಿ ಎಲ್ಲ ಕಡೆ ಕಂಪ್ಯೂಟರು ಬರುತ್ತಿತ್ತು, ಇನ್ನು ಪ್ರೂಫ್ ನೋಡುವವರು ಯಾಕೆ ಅನ್ನುವ ಮಾತೂ ಎದ್ದಿತ್ತು. ಕನ್ನಡ ಪ್ರೂಫಿಗೆಂದು ಒಬ್ಬರನ್ನು ಇಟ್ಟುಕೊಂಡಿದ್ದ ಪ್ರೆಸ್ಸುಗಳನ್ನು ಎರಡು ಕೈ ಬೆರಳಿನಲ್ಲಿ ಎಣಿಸಬಹುದಿತ್ತು, ಆ ಮಾಲೀಕರೆಲ್ಲ ಒಬ್ಬನೇ ಪೇಪರ್ ಮರ್ಚೆಂಟಿನ ಅಂಗಡಿಯಲ್ಲಿ ಕೂತು ಕಾಫಿ ಕುಡಿಯುವವರು. ಒಂದು ಕಡೆ ಹೆಸರು ಕೆಟ್ಟರೆ ಸಂಜೆಯೊಳಗೆ ಎಲ್ಲ ಕಡೆಯೂ ಕೆಟ್ಟ ಹಾಗೆ. ಚಾಮರಾಜಪೇಟೆಯ ವಠಾರದಲ್ಲಿ ನಾನು, ಅಮ್ಮ ಇಬ್ಬರೇ. ದುಡಿಯುವವಳು ನಾನೊಬ್ಬಳೇ, ನನಗೆ ಬೇರೆ ಕೆಲಸ ಬರುತ್ತಿರಲಿಲ್ಲ.

ನಾನು ಹೆದರಿದ್ದು ಯಾಕೆಂದು ತಿಳಿಯಬೇಕಾದರೆ ಹಾಳೆಯ ವಿಷಯ ಹೇಳಬೇಕು.

ಮೆಷಿನ್ನಿಗೆ ಹೊಸ ಕೆಲಸ ಹತ್ತಿಸಿದಾಗ ಮಸಿ ತಕ್ಷಣ ಒಂದೇ ಸಮ ಬರುವುದಿಲ್ಲ. ಒಂದು ಕಡೆ ಕಪ್ಪಗೆ ಮೆತ್ತಿಕೊಳ್ಳುತ್ತದೆ, ಒಂದು ಕಡೆ ಬಿಳಿಚಿಕೊಳ್ಳುತ್ತದೆ. ಸರಿಹೋಗುವಷ್ಟರಲ್ಲಿ ನೂರಾರು ಹಾಳೆ ಹಾಳು. ಅದಕ್ಕೆ ಒಳ್ಳೆಯ ಕಾಗದ ಯಾಕೆ ದಂಡ ಮಾಡಬೇಕೆಂದು ಹಿಂದಿನ ಕೆಲಸದಲ್ಲಿ ಕೆಟ್ಟ ಹಾಳೆಗಳನ್ನೇ ಮತ್ತೆ ಓಡಿಸುತ್ತಾರೆ. ಹೀಗಾಗಿ ಒಂದೊಂದು ವೇಸ್ಟ್ ಶೀಟಿನ ಮೇಲೆ ಮದುವೆ ಕರೆಯೋಲೆ, ಅದರ ಮೇಲೆ ಸೊಸೈಟಿಯ ವರದಿ, ಅದರ ಮೇಲೆ ಔಷಧಿ ಅಂಗಡಿಯ ಬಿಲ್ಲು, ಎಲ್ಲ ಒಂದರ ಮೈಮೇಲೊಂದು ಬಿದ್ದುಕೊಂಡಿರುತ್ತವೆ. ಇಂಥ ಹಾಳೆಗಳನ್ನು ಶನಿವಾರ ಒಂದಿಷ್ಟು ಸುರುಳಿ ಸುತ್ತಿ ಮನೆಗೆ ಒಯ್ಯುವುದು ಪ್ರೆಸ್ಸಿನವರ ರೂಢಿ. ಯಾರೂ ಅದನ್ನು ಕದಿಯುವುದು ಅನ್ನುತ್ತಿರಲಿಲ್ಲ. ಕೆಲವರು ಪುಸ್ತಕಕ್ಕೆ ಹೊದಿಕೆ ಹಾಕುತ್ತಿದ್ದರು, ಕೆಲವರು ಗೂಡಿಗೆ ಹಾಸುತ್ತಿದ್ದರು. ನಮ್ಮಮ್ಮ ಸಾರಿನ ಪುಡಿ ಕಟ್ಟುತ್ತಿದ್ದಳು. ಅವಳಿಗೆ ಪುಡಿ ಮಾಡಿ ಊರಿಗೆಲ್ಲ ಹಂಚುವ ಚಾಳಿ. ನಮ್ಮ ಮನೆಯಲ್ಲಿ ಸಾರು ಆಗದಿದ್ದರೂ ಪರವಾಗಿಲ್ಲ, ನಾಲ್ಕು ಮನೆಗೆ ಪೊಟ್ಟಣ ಹೋಗಲೇಬೇಕು.

ಗುಟ್ಟಿನ ಕೆಲಸದ ಹಾಳೆಗೆ ಮಾತ್ರ ಬೇರೆ ನಿಯಮ. ಕೆಟ್ಟದ್ದನ್ನೂ ಎಣಿಸಿ, ಗೋಣಿಚೀಲಕ್ಕೆ ತುಂಬಿ, ಬಾಯಿ ಹೊಲಿದು, ಕೆಲಸ ಕೊಟ್ಟವರ ಎದುರಿಗೇ ಸುಡಬೇಕು.

ನಾನು ನಗರ್ತಪೇಟೆ ಬಿಡುವ ಕೆಲವು ತಿಂಗಳ ಮುಂಚೆ ಅಲ್ಲಿ ಒಂದಷ್ಟು ಶಾಲೆಗಳ ಅರ್ಧವಾರ್ಷಿಕ ಪರೀಕ್ಷೆಯ ಪತ್ರಿಕೆಗಳು ಅಚ್ಚಾಗುತ್ತಿದ್ದವು. ಆ ವಾರ ಒಂದು ಸಂಜೆ ಮನೆಗೆ ಬಂದಾಗ ಅಮ್ಮ ನಡುಮನೆಯಲ್ಲಿ ಪುಡಿ ಕಟ್ಟುತ್ತ ಕೂತಿದ್ದಳು. ಪಕ್ಕದಲ್ಲಿ ಬಿಚ್ಚಿಟ್ಟಿದ್ದ ಹಾಳೆ ಕಣ್ಣಿಗೆ ಬಿತ್ತು. ಮೇಲೆ ಊದುಬತ್ತಿಯ ಲೇಬಲ್ಲು. ಅದರಡಿಯಲ್ಲಿ ಮಸುಕಾಗಿ, ಆದರೆ ಓದುವಷ್ಟು ಸ್ಪಷ್ಟವಾಗಿ, ಎಂಟನೇ ತರಗತಿಯ ಸಮಾಜ ವಿಜ್ಞಾನದ ಪ್ರಶ್ನೆಗಳು. ನಾನೇ ಪ್ರೂಫ್ ನೋಡಿದ್ದ ಪತ್ರಿಕೆ. ಪರೀಕ್ಷೆಗೆ ಇನ್ನೂ ನಾಲ್ಕು ದಿನವಿತ್ತು.

ಹಾಳೆಯನ್ನು ಕಿತ್ತುಕೊಂಡು ಬಚ್ಚಲಿನ ಹಂಡೆ ಒಲೆಗೆ ಹಾಕಿದೆ. ಸುರುಳಿಯಲ್ಲಿ ಉಳಿದಿದ್ದನ್ನೆಲ್ಲ ಬಿಡಿಸಿ ನೋಡಿದೆ, ಅಂಥದ್ದು ಬೇರೆ ಇರಲಿಲ್ಲ.

"ಇದೇ ಸುರುಳಿಯಿಂದ ಆಗ್ಲೇ ಕಟ್ಟಿ ಕೊಟ್ಟಿದ್ದು ಎಷ್ಟಮ್ಮ?" ಎಂದೆ.

ಅಮ್ಮ ಬೆರಳು ಮಡಿಸಿದಳು. "ಮೇಲಿನ ಮನೆ ರಾಯರಿಗೊಂದು. ಹೂವಿನವಳಿಗೊಂದು. ಟ್ಯೂಷನ್ ಮೇಷ್ಟ್ರ ಮನೆಗೆ ಎರಡು, ಅವರ ಮಗಳು ಬಂದಿದಾಳಲ್ಲ. ಯಾಕೇ?"

"ಏನಿಲ್ಲ," ಎಂದೆ.

ಮುಂದಿನ ವಾರ ಶಾಲೆಯವರು ಪ್ರೆಸ್ಸಿಗೆ ಬಂದು ಯಜಮಾನರ ಕೋಣೆಯಲ್ಲಿ ಕೂಗಾಡಿ ಹೋದರು. ಯಾವುದೋ ಒಂದು ಪತ್ರಿಕೆ ಮೊದಲೇ ಹೊರಬಿದ್ದಿತ್ತಂತೆ. ಯಾವುದೆಂದು ಯಜಮಾನರು ನಮಗೆ ಹೇಳಲಿಲ್ಲ. ಯಾರನ್ನೂ ಕೂರಿಸಿ ವಿಚಾರಿಸಲಿಲ್ಲ, ಒಂದು ಮೆಮೋ ಕೊಡಲಿಲ್ಲ. ಶಾಲೆಗಳ ಕೆಲಸ ಕೈಬಿಟ್ಟು ಹೋಯಿತು, ಅಷ್ಟೇ. ನಾನೂ ಕೇಳಲಿಲ್ಲ. ಕೇಳಿದರೆ ನಿಮಗ್ಯಾಕೆ ಅದು ಎಂದು ಅವರು ತಿರುಗಿ ಕೇಳಿದರೆ ಏನು ಮಾಡುವುದು ಅನ್ನುವ ಭಯ.

ಆಮೇಲೆ ನಾನು ಕೆಲಸ ಬಿಟ್ಟದ್ದು ಬೇರೆಯದೇ ಜಗಳಕ್ಕೆ. ಪ್ರೂಫ್ ಮೇಜಿನ ಮೇಲೆ ಒಂದು ಟ್ಯೂಬ್‌ಲೈಟ್ ಹಾಕಿಸಿ ಎಂದು ಎರಡು ವರ್ಷ ಕೇಳಿದೆ, ಹಾಕಿಸಲಿಲ್ಲ. ನನ್ನ ಕಣ್ಣು ಹೋದ ಮೇಲೆ ಹಾಕಿಸ್ತೀರಾ ಎಂದು ಎಲ್ಲರೆದುರಿಗೇ ಕೂಗಾಡಿದೆ. ಒಂದು ತಿಂಗಳ ನೋಟೀಸು ಬರೆದುಕೊಟ್ಟು, ಅಷ್ಟೂ ದಿನ ಕೆಲಸ ಮಾಡಿಯೇ ಹೊರಬಂದೆ. ಸರ್ವೀಸ್ ಸರ್ಟಿಫಿಕೇಟು ಕೇಳಿದರೆ ಮುಂದಿನ ವಾರ ಬನ್ನಿ ಎಂದರು. ಮೂರು ಸಲ ಹೋಗಿ ಬಂದೆ. ಮೂರನೇ ಸಲ, "ನಿಮ್ಮ ಸರ್ಟಿಫಿಕೇಟ್ ನೀವೇ ಫ್ರೇಮ್ ಹಾಕಿಸಿ ಇಟ್ಕೊಳ್ಳಿ," ಎಂದು ಮೆಟ್ಟಿಲಿಳಿದೆ. ಆ ಮಾತು ಆಡುವಾಗ ಬಹಳ ಚೆನ್ನಾಗಿತ್ತು.

ಮ್ಯಾನೇಜರು ಡ್ರಾಯರು ಮುಚ್ಚಿದ ದಿನ ಸಂಜೆ ನಾನು ಮೇಲಿನ ಮನೆಗೆ ಹೋದೆ. ಅಲ್ಲಿನ ರಾಯರು ಕಾರ್ಮಿಕ ಇಲಾಖೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಊಟಕ್ಕಿಂತ ಅರ್ಜಿ ಬರೆಯುವುದರಲ್ಲಿ ಅವರಿಗೆ ರುಚಿ ಹೆಚ್ಚು. ನಾನು ಹೇಳಿದ್ದನ್ನು ಕೇಳಿ ಕನ್ನಡಕ ಒರೆಸಿಕೊಂಡರು.

"ನೋಡಮ್ಮ, ಮೊದಲ್ನೇದು. ಆ ಕಾಗದದಲ್ಲಿ ಏನಿದೆ ಅಂತ ತಿಳ್ಕೋ. ಅದಕ್ಕೂ ಮುಂಚೆ ಬಾಯಿ ಬಿಡ್ಬೇಡ. ಆರೋಪ ಏನು ಅಂತ ಗೊತ್ತಿಲ್ದೆ ಉತ್ತರ ಕೊಡೋರನ್ನ ನಾನು ಸರ್ವೀಸ್ ಪೂರ್ತಿ ನೋಡಿದೀನಿ. ಇಲ್ಲದ್ದನ್ನೂ ತಾವೇ ಮೈಮೇಲೆ ಎಳ್ಕೋತಾರೆ."

"ಅವ್ರು ಕೆಟ್ಟದಾಗಿ ಬರೀಬಹುದಾ ರಾಯರೇ?"

"ನಿನ್ನ ಹೊಗಳ್ಲೇಬೇಕು ಅಂತ ಯಾವ ಕಾಯ್ದೇನೂ ಇಲ್ಲ. ಅವನ ಅಭಿಪ್ರಾಯ ಅವನು ಬರ್ಕೋಬಹುದು. ಆದ್ರೆ ತಪ್ಪು ಮಾಡಿದಾಳೆ ಅಂತ ಬರೀಬೇಕಾದ್ರೆ, ಯಾವಾಗ ಮೆಮೋ ಕೊಟ್ಟೆ, ಏನು ಸಮಜಾಯಿಷಿ ಬಂತು, ಎಲ್ಲಿ ವಿಚಾರಣೆ ಮಾಡಿದೆ? ಏನೂ ಇಲ್ದೆ ಸುಳ್ಳು ಬರೆದು ಅನ್ನ ಕಿತ್ರೆ ಅದು ಮಾನನಷ್ಟ. ಕೋರ್ಟಿಗೆ ಹೋದ್ರೆ ವರ್ಷಗಟ್ಟಲೆ ಆಗುತ್ತೆ, ಅದು ಬೇರೆ ಮಾತು. ನೋಟೀಸ್ ಅಂತೂ ಕೊಡಬಹುದು. ಇನ್ನು ಸರ್ವೀಸ್ ಸರ್ಟಿಫಿಕೇಟು. ಯಾವತ್ತಿಂದ ಯಾವತ್ತಿನ ತನಕ ಇದ್ದೆ, ಏನು ಕೆಲಸ, ಇಷ್ಟನ್ನ ಬರೆದುಕೊಡಿ ಅಂತ ರಿಜಿಸ್ಟರ್ಡ್ ಪೋಸ್ಟಲ್ಲಿ ಕೇಳು. ಅಷ್ಟು ಚಿಕ್ಕ ಪ್ರೆಸ್ಸಿಗೆ ಯಾವ ಕಾಯ್ದೆ ಎಷ್ಟು ಹಿಡಿಯುತ್ತೋ ಆಮೇಲೆ ನೋಡೋಣ. ಕೇಳೋದಕ್ಕೆ ಯಾರಪ್ಪಣೆ ಬೇಕು?"

ಆಮೇಲೆ ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ನಿನ್ನ ಕೈಯಿಂದ ಏನೂ ಆಗಿಲ್ಲ ತಾನೆ?" ಎಂದರು.

ಅವರ ಅಡುಗೆಮನೆಯ ಗೂಡಿನಲ್ಲಿ ಅಮ್ಮ ಕೊಟ್ಟ ಪುಡಿಯ ಡಬ್ಬ ಕಾಣುತ್ತಿತ್ತು.

"ಇಲ್ಲ," ಎಂದೆ.

ಮಾರನೆಯ ದಿನ ಧೈರ್ಯ ಮಾಡಿ ಮ್ಯಾನೇಜರ ಮುಂದೆ ನಿಂತೆ. "ಆ ಕಾಗದ ಒಂದ್ಸಲ ನೋಡಬಹುದಾ ಸಾರ್?" ಅವರು ತಲೆಯಾಡಿಸಿದರು. "ಅವ್ರು ನನ್ನನ್ನ ನಂಬಿ ಬರೆದಿದ್ದು. ತೋರ್ಸೋಕಾಗಲ್ಲ." ತೋರಿಸಲೇಬೇಕೆನ್ನುವ ಹಕ್ಕು ನನಗಿಲ್ಲ ಎಂದು ರಾಯರು ಮೊದಲೇ ಹೇಳಿದ್ದರು. ಅಲ್ಲಿಗೆ ಆ ದಾರಿ ಮುಚ್ಚಿತು. ಅದೇ ಮಧ್ಯಾಹ್ನ ಊಟದ ಬಿಡುವಿನಲ್ಲಿ ಪೋಸ್ಟಾಫೀಸಿಗೆ ಓಡಿ, ಸರ್ಟಿಫಿಕೇಟು ಕೇಳಿದ ಕಾಗದವನ್ನು ರಿಜಿಸ್ಟರ್ ಮಾಡಿಸಿ, ರಸೀತಿಯನ್ನು ರವಿಕೆಯೊಳಗೆ ಇಟ್ಟುಕೊಂಡು ಬಂದೆ.

ಶನಿವಾರ ಅರ್ಧ ದಿನ. ಅಲ್ಲಿಂದ ನೇರವಾಗಿ ನಗರ್ತಪೇಟೆಗೆ ಹೋದೆ. ಯಜಮಾನರನ್ನು ನೋಡಲು ಅಲ್ಲ, ಆ ಧೈರ್ಯ ನನಗಿರಲಿಲ್ಲ. ಪ್ರೆಸ್ಸಿನ ಎದುರು ಸಂದಿಯಲ್ಲಿ, ಜರಿ ಅಂಗಡಿಯ ಪಕ್ಕದ ಟೀ ಅಂಗಡಿಯಲ್ಲಿ, ಹಳೇ ಮೆಷಿನ್‌ಮನ್ನಿಗಾಗಿ ಕಾದೆ. ಓಕಳಿಪುರದವರು, ನನಗಿಂತ ಹದಿನೈದು ವರ್ಷ ದೊಡ್ಡವರು. ರೈಲು ಹಳಿ ಪಕ್ಕದ ಮನೆಯಲ್ಲಿ ಹುಟ್ಟಿ ಬೆಳೆದದ್ದಕ್ಕೋ ಏನೋ, ಮೆಷಿನ್ನಿನ ಸದ್ದಿನಲ್ಲಿ ಒಂದು ಕೂದಲೆಳೆ ಏರುಪೇರಾದರೂ ಅವರಿಗೆ ಗೊತ್ತಾಗುತ್ತಿತ್ತು. ನನ್ನನ್ನು ನೋಡಿದೊಡನೆ ಅವರ ಮುಖ ಚಿಕ್ಕದಾಯಿತು.

"ಅಣ್ಣಾ, ಶಾಲೆಯವ್ರು ಬಂದು ಕೂಗಾಡಿದ್ರಲ್ಲ, ಅವತ್ತು ಯಾವ ಪತ್ರಿಕೆ ಹೊರಗೆ ಹೋಗಿದ್ದು?" ಎಂದೆ.

"ಯಾರಿಗ್ಗೊತ್ತು ಮೇಡಂ. ಒಬ್ರು ಗಣಿತ ಅಂದ್ರು, ಒಬ್ರು ಸಮಾಜ ಅಂದ್ರು. ಯಜಮಾನ್ರು ಬಾಯಿ ಬಿಟ್ಟಿಲ್ಲ. ಯಾಕೆ ಈಗ?"

"ನನ್ನ ಸುರುಳೀಲಿ ಒಂದು ಹಾಳೆ ಬಂದಿತ್ತು. ಊದುಬತ್ತಿ ಲೇಬಲ್ ಕೆಳಗೆ."

ಅವರು ಟೀ ಲೋಟ ಕೆಳಗಿಟ್ಟರು. ಅತ್ತಿತ್ತ ನೋಡಿದರು. "ಪೇಪರ್ ಕಮ್ಮಿ ಬಿದ್ದಿತ್ತು ಮೇಡಂ. ಹೊಸಾ ರೀಮು ಒಡೀಬೇಡ, ಇರೋದ್ರಲ್ಲೇ ಓಡ್ಸು ಅಂದ್ರು ಯಜಮಾನ್ರು. ಚೀಲದ ಬಾಯಿ ಇನ್ನೂ ಹೊಲಿದಿರ್ಲಿಲ್ಲ. ಕೈ ಹಾಕಿ ತೆಗ್ದು ಲೇಬಲ್‌ಗೆ ಓಡಿಸ್ಬಿಟ್ಟೆ."

"ಎಷ್ಟು?"

"ಎಣಿಸ್ಲಿಲ್ಲ. ಐವತ್ತೋ ಅರವತ್ತೋ." ಅವರು ಬೆಂಚಿನ ಮೇಲೆ ನನ್ನ ಹತ್ತಿರಕ್ಕೆ ಸರಿದರು. "ನನ್ನ ಹೆಸ್ರು ಎಲ್ಲೂ ಹೇಳ್ಬೇಡಿ ಮೇಡಂ. ಈ ವಯಸ್ಸಲ್ಲಿ ಇನ್ನೊಂದು ಮೆಷಿನ್ ಮುಂದೆ ಯಾರು ನಿಲ್ಲಿಸ್ಕೋತಾರೆ?"

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ವಿಷಯ ತಿಳಿದರೆ ಹಗುರಾಗುತ್ತದೆ ಎಂದುಕೊಂಡು ಹೋದವಳು ಇನ್ನಷ್ಟು ಭಾರ ಹೊತ್ತು ಬಂದೆ. ಐವತ್ತು ಅರವತ್ತರಲ್ಲಿ ನಾನು ಸುಟ್ಟದ್ದು ಒಂದು. ಮಿಕ್ಕವು ಯಾರ ಮನೆಯ ಯಾವ ಗೂಡಿನಲ್ಲಿ ಹಾಸಿಕೊಂಡಿದ್ದವೋ. ಅದರಲ್ಲಿ ಎರಡು ಟ್ಯೂಷನ್ ಮೇಷ್ಟರ ಮನೆಗೆ ಪುಡಿ ಕಟ್ಟಿಕೊಂಡು ಹೋಗಿದ್ದರೆ? ಅವರ ಮನೆಯ ಜಗುಲಿಯಲ್ಲಿ ದಿನಾ ಸಂಜೆ ಇಪ್ಪತ್ತು ಜೊತೆ ಚಪ್ಪಲಿ ಇರುತ್ತಿದ್ದವು.

ಆ ಭಾನುವಾರ, ಸೋಮವಾರ ನಾನು ಮನುಷ್ಯಳಾಗಿರಲಿಲ್ಲ. ಬೀದಿಯಲ್ಲಿ ಮೇಷ್ಟರು ಎದುರು ಬರುವುದು ಕಂಡರೆ ಹೂವಿನ ಅಂಗಡಿಯ ಮರೆಗೆ ಸರಿಯುತ್ತಿದ್ದೆ. ಪೊಲೀಸರ ಜೀಪು ಮಾರ್ಕೆಟ್ಟಿನ ಕಡೆ ಹೋದರೂ ನಮ್ಮ ವಠಾರಕ್ಕೇ ಬಂದ ಹಾಗೆ ಎದೆ ಹೊಡೆದುಕೊಳ್ಳುತ್ತಿತ್ತು. ಪ್ರೆಸ್ಸಿನಲ್ಲಿ ಒಂದೇ ಪುಟವನ್ನು ನಾಲ್ಕು ಸಲ ಓದಿದರೂ ತಲೆಗೆ ಹೋಗದು. ಪಕ್ಕದಲ್ಲಿ ಕೂತು ಮೂಲಪ್ರತಿ ಓದಿ ಹೇಳುತ್ತಿದ್ದ ಹುಡುಗಿ, "ಅಕ್ಕಾ, ಒಂದು ಸಾಲೇ ಬಿಟ್ಬಿಟ್ರಿ," ಎಂದಳು. ಆರು ವರ್ಷದಲ್ಲಿ ನನಗೆ ಯಾರೂ ಆ ಮಾತು ಹೇಳಿರಲಿಲ್ಲ. ಅಮ್ಮನಿಗೆ ಏನೂ ಹೇಳಿರಲಿಲ್ಲ. ಹೇಳಿದರೆ ತನ್ನ ಪುಡಿಯಿಂದ ಮಗಳ ಅನ್ನ ಹೋಯಿತು ಎಂದು ಕೊರಗುತ್ತಾಳೆ. ಅವಳು ಮಾತ್ರ, "ಶನಿವಾರ ಪೇಪರ್ ತರ್ಲೇ ಇಲ್ವಲ್ಲೇ, ಪುಡಿ ಹಾಗೇ ಕೂತಿದೆ," ಎಂದು ಗೊಣಗಿದಳು. ಅವಳ ಮೇಲೆ ರೇಗಿದೆ. ಆಮೇಲೆ ಬಚ್ಚಲಿಗೆ ಹೋಗಿ ಅತ್ತೆ.

ಮಂಗಳವಾರ ಪೋಸ್ಟ್‌ಮ್ಯಾನ್ ನನ್ನ ರಿಜಿಸ್ಟರ್ಡ್ ಕಾಗದವನ್ನು ನನಗೇ ವಾಪಸ್ ತಂದುಕೊಟ್ಟ. ಲಕೋಟೆಯ ಮೇಲೆ, ತೆಗೆದುಕೊಳ್ಳಲು ನಿರಾಕರಿಸಿದ್ದಾರೆ ಎಂದು ಗೀಚಿತ್ತು. ನಾನು ಕುಸಿದು ಕೂತರೆ ರಾಯರು ಹಬ್ಬ ಬಂದವರ ಹಾಗೆ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಒಡೀಬೇಡ! ಹೀಗೇ ಇಡು. ಕೇಳಿದ್ದಕ್ಕೆ ಇದು ಸಾಕ್ಷಿ, ಕೊಡದೇ ಇದ್ದಿದ್ದಕ್ಕೂ ಇದೇ ಸಾಕ್ಷಿ." ತಮಗೆ ಪರಿಚಯದ ವಕೀಲರ ಹತ್ತಿರ ಹೋಗಿ ಬುಧವಾರ ಸಂಜೆಗೆ ನೋಟೀಸಿನ ಕರಡು ತಂದೇಬಿಟ್ಟರು. ಎರಡು ಪುಟ, ಟೈಪ್ ಮಾಡಿಸಿದ್ದು.

"ಓದಿ ರುಜು ಹಾಕು, ನಾಳೆ ಹೋಗ್ಲಿ," ಎಂದರು.

ಕೈ ತಾನಾಗಿ ಕೆಂಪು ಪೆನ್ನಿಗೆ ಹೋಯಿತು. ಸಾಲು ಸಾಲಾಗಿ ಕೆಳಗಿಳಿದೆ. ಇಷ್ಟು ವರ್ಷ ದುಡಿದದ್ದು, ಸರಿ. ತಿಂಗಳ ನೋಟೀಸು ಕೊಟ್ಟೇ ಬಿಟ್ಟದ್ದು, ಸರಿ. ಸರ್ಟಿಫಿಕೇಟು ಕೇಳಿದ್ದು, ಕೊಡದೇ ಇದ್ದದ್ದು, ಸರಿ. ಮೆಮೋ ಇಲ್ಲ, ವಿಚಾರಣೆ ಇಲ್ಲ, ಸರಿ. ಕೊನೆಯ ಪ್ಯಾರಾದಲ್ಲಿ, ನನ್ನ ವಿರುದ್ಧ ಮಾಡಿರುವ ಆರೋಪಗಳೆಲ್ಲವೂ ಸಂಪೂರ್ಣ ಸುಳ್ಳು, ನನ್ನ ಸೇವಾವಧಿಯಲ್ಲಿ ನನ್ನಿಂದ ಯಾವ ಲೋಪವೂ ಆಗಿಲ್ಲ ಎಂದಿತ್ತು.

ಪ್ರೂಫಿನ ಕೊನೆಗೆ ನಾವು 'ಅಚ್ಚಿಗೆ ಹೋಗಬಹುದು' ಎಂದು ಬರೆದು ರುಜು ಹಾಕುತ್ತೇವೆ. ಆ ರುಜು ಬಿದ್ದ ಮೇಲೆ ಪುಟದಲ್ಲಿ ಏನಿದ್ದರೂ ಅದು ನಮ್ಮದು. ಹತ್ತಾರು ಸಾವಿರ ಪುಟಕ್ಕೆ ಹಾಗೆ ರುಜು ಹಾಕಿದ ಕೈ ಆ ಎರಡು ಸಾಲಿಗೆ ಬರಲಿಲ್ಲ. ನಾಳೆ ಇದೇ ಕಾಗದ ಕೋರ್ಟಿನಲ್ಲಿ ನಿಂತು, ಮೇಷ್ಟರ ಮನೆಯಿಂದ ಒಂದು ಹಳೇ ಹಾಳೆ ಹೊರಬಿದ್ದರೆ? ಯೋಚಿಸಿ ಹೇಳ್ತೀನಿ ರಾಯರೇ ಎಂದು ಕರಡು ಮಡಚಿಕೊಂಡು ಕೆಳಗಿಳಿದೆ.

ಗುರುವಾರ ಬೆಳಿಗ್ಗೆ ಪ್ರೆಸ್ಸಿಗೆ ಹೋದವಳು ಚಪ್ಪಲಿ ಬಿಡುವುದನ್ನೂ ಮರೆತು ಮ್ಯಾನೇಜರ ಮೇಜಿನ ಮುಂದೆ ನಿಂತು ಎಲ್ಲ ಹೇಳಿಬಿಟ್ಟೆ. ಹಾಳೆ, ಊದುಬತ್ತಿ ಲೇಬಲ್ಲು, ಹಂಡೆ ಒಲೆ, ಸಾರಿನ ಪುಡಿ, ಟ್ಯೂಷನ್ ಮೇಷ್ಟರು. "ಹೊರಗೆ ಹೋಗಿದ್ದು ನನ್ನಿಂದಲೇ ಅಂತ ಗೊತ್ತಿಲ್ಲ ಸಾರ್. ಅಲ್ಲ ಅಂತಾನೂ ಗೊತ್ತಿಲ್ಲ. ಆದ್ರೆ ಒಂದು ಮೆಮೋ ಕೊಡ್ದೆ, ಏನಮ್ಮ ಅಂತ ಒಂದು ಮಾತು ಕೇಳ್ದೆ, ನೇರವಾಗಿ ನಿಮಗೆ ಬರೆದಿದ್ದು ನ್ಯಾಯ ಅಲ್ಲ," ಎಂದೆ. ಇದನ್ನು ಧೈರ್ಯ ಎಂದು ಆಮೇಲೆ ಕೆಲವರು ಹೊಗಳಿದ್ದುಂಟು. ಧೈರ್ಯವೂ ಅಲ್ಲ, ಮಣ್ಣೂ ಅಲ್ಲ. ಇನ್ನೊಂದು ದಿನ ಆ ಹೆದರಿಕೆಯನ್ನು ಹೊರಲಾರದೆ ಅಲ್ಲಿ ಇಳಿಸಿದೆ.

ಮ್ಯಾನೇಜರು ಪೆನ್ನು ಕೆಳಗಿಟ್ಟರು. ಆಮೇಲೆ ಡ್ರಾಯರು ತೆರೆದು ಆ ಕಾಗದವನ್ನು ತೆಗೆದು ನನ್ನ ಕೈಗೇ ಕೊಟ್ಟರು.

ನಾಲ್ಕು ಸಾಲು. ಇಂತಿಂಥವರು ನಮ್ಮಲ್ಲಿ ಆರು ವರ್ಷ ಪ್ರೂಫ್ ನೋಡಿದ್ದಾರೆ. ಕೆಲಸ ತೃಪ್ತಿಕರ. ಆದರೆ ಜಗಳಗಂಟಿ, ಹಿರಿಯರಿಗೆ ಎದುರುತ್ತರ ಕೊಡುವವರು, ಹೊಂದಿಕೊಂಡು ಹೋಗುವ ಸ್ವಭಾವವಿಲ್ಲ. ನಾವಾದರೆ ಮತ್ತೆ ತೆಗೆದುಕೊಳ್ಳುವುದಿಲ್ಲ.

ತಿರುವಿ ನೋಡಿದೆ. ಹಿಂದುಗಡೆ ಖಾಲಿ. ಪ್ರಶ್ನೆಪತ್ರಿಕೆಯ ಸುದ್ದಿ ಒಂದಕ್ಷರವೂ ಇರಲಿಲ್ಲ.

"ಇದಕ್ಕೂ ನೀವು ಹೇಳಿದ್ದಕ್ಕೂ ಸಂಬಂಧಾನೇ ಇಲ್ವಲ್ಲಮ್ಮ," ಎಂದರು ಅವರು.

ರಾಯರು ಮೊದಲ ದಿನವೇ ಹೇಳಿದ್ದರು, ಏನಿದೆ ಎಂದು ತಿಳಿಯುವ ಮುಂಚೆ ಬಾಯಿ ಬಿಡಬೇಡ ಎಂದು. ಟ್ಯೂಬ್‌ಲೈಟಿನ ಜಗಳಕ್ಕೆ ಬರೆದ ಕಾಗದಕ್ಕೆ ಹೆದರಿ, ಗುಟ್ಟಿನ ಕೆಲಸ ಮಾಡುವ ಪ್ರೆಸ್ಸಿನ ಮ್ಯಾನೇಜರ ಎದುರು ನಿಂತು, ನನ್ನನ್ನು ಓಡಿಸಲು ನಿಜವಾದ ಕಾರಣವನ್ನು ನಾನೇ ಕೈಯಾರೆ ಕೊಟ್ಟಿದ್ದೆ. ಒಂಬತ್ತು ದಿನದಲ್ಲಿ ಅಷ್ಟು ಭಯ ನನಗೆ ಯಾವ ಗಳಿಗೆಯಲ್ಲೂ ಆಗಿರಲಿಲ್ಲ.

"ಆ ಹಾಳೆ ಓಡಿಸಿದ್ದು ಯಾರು?"

"ಹೇಳಲ್ಲ ಸಾರ್."

"ಹ್ಞೂಂ," ಎಂದು ಎದ್ದರು. "ಬನ್ನಿ ನನ್ನ ಜೊತೆ."

ಮೆಷಿನ್ನುಗಳ ಪಕ್ಕ, ಬಾಗಿಲ ಮೂಲೆಯಲ್ಲಿ, ಶನಿವಾರಕ್ಕೆಂದು ವೇಸ್ಟ್ ಶೀಟುಗಳ ರಾಶಿ ಬಿದ್ದಿತ್ತು. ಅಲ್ಲೂ ಅದೇ ರೂಢಿ. ಗುಟ್ಟಿನದ್ದೆಲ್ಲ ಚೀಲದಲ್ಲಿ ಭದ್ರವಾಗಿದೆ ಎಂದು ಅವರು ಪೂರ್ತಿ ನಂಬಿದ್ದವರು. "ಹುಡುಕಿ," ಎಂದರು. ನಾನು ನೆಲದ ಮೇಲೆ ಕೂತೆ. ಒಂದೊಂದೇ ಹಾಳೆಯನ್ನು ಬೆಳಕಿಗೆ ಹಿಡಿದು, ಮೇಲಿನ ಅಚ್ಚನ್ನು ಬಿಟ್ಟು ಅಡಿಯದನ್ನು ಓದುತ್ತ ಹೋದೆ. ಮೆಷಿನ್ನಿನವರು ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಅರ್ಧ ಗಂಟೆಯಾಗಿರಬಹುದು. ಕ್ಯಾಲೆಂಡರಿನ ಒಂದು ತಿಂಗಳ ಅಚ್ಚಿನಡಿ, ಇನ್ನೂ ನಡೆಯದ ಒಂದು ಕಾಲೇಜು ಪರೀಕ್ಷೆಯ ಮೂರು ಪ್ರಶ್ನೆ ಸಿಕ್ಕವು.

ಮ್ಯಾನೇಜರು ಅದನ್ನು ತೆಗೆದುಕೊಂಡು ಓದಿದರು. ಸ್ಟೂಲಿನ ಮೇಲೆ ಕೂತರು. ಕುಡಿಯಲು ನೀರು ಕೇಳಿದರು. ಒಂಬತ್ತು ದಿನ ನನ್ನ ಮುಖ ಹೇಗಿತ್ತು ಅನ್ನುವುದನ್ನು ಆಗ ಅವರ ಮುಖದಲ್ಲಿ ನೋಡಿದೆ.

ಶುಕ್ರವಾರ ನನ್ನನ್ನು ಖಾಯಂ ಮಾಡಲಿಲ್ಲ, ತೆಗೆಯಲೂ ಇಲ್ಲ. ನನ್ನ ಪ್ರೊಬೇಷನ್ ಅವಧಿಯನ್ನು ಇನ್ನಾರು ತಿಂಗಳು ಮುಂದೂಡಿ ಬರೆದುಕೊಟ್ಟರು. ಜೊತೆಗೆ ಶೆಡ್ಡಿನ ಹಿಂದಿನ ಚಿಕ್ಕ ಕೋಣೆಯ ಬೀಗದ ಕೈ ಕೊಟ್ಟರು. ಇನ್ನು ಮುಂದೆ ಕೆಟ್ಟ ಹಾಳೆಯೆಲ್ಲ, ಮದುವೆ ಕರೆಯೋಲೆಯದ್ದು ಕೂಡ, ಅಲ್ಲಿ ನನ್ನ ಕಣ್ಣು ಹಾಯ್ದ ಮೇಲೆಯೇ ಹೊರಗೆ ಹೋಗಬೇಕು.

"ಓನರ್‌ಗೆ ಏನ್ ಹೇಳಿದ್ರಿ ಸಾರ್?" ಎಂದೆ.

"ಜಗಳಗಂಟಿ ಅಂತ ಬರೆದಿದಾರೆ, ಪ್ರೂಫ್ ನೋಡೋರಿಗೆ ಅದು ಇರ್ಬೇಕು ಅಂದೆ."

"ಮಿಕ್ಕಿದ್ದು?"

"ಮಿಕ್ಕಿದ್ದನ್ನ ಆರು ತಿಂಗಳು ನಾನೇ ನೋಡ್ಕೋತೀನಿ."

ಹೇಳಿದ್ದು ಕೇಳದೆ ಬಾಯಿ ಬಿಟ್ಟಳೆಂದು ರಾಯರಿಗೆ ಸಿಟ್ಟು ಬಂದು ಹದಿನೈದು ದಿನ ಮಾತಾಡಲಿಲ್ಲ. ಪುಡಿ ಮಾತ್ರ ಇಸಿದುಕೊಂಡರು; ಅಮ್ಮ ಆಗಿನಿಂದ ದಿನಪತ್ರಿಕೆಯಲ್ಲೇ ಕಟ್ಟುತ್ತಿದ್ದಳು. ಸಿಟ್ಟು ಇಳಿದ ಮೇಲೆ ಆ ಕರಡನ್ನು ಇಬ್ಬರೂ ಕೂತು ತಿದ್ದಿದೆವು. ಕೊನೆಯ ಎರಡು ಸಾಲನ್ನು ನಾನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿದೆ. ಉಳಿದದ್ದಕ್ಕೆ ರುಜು ಹಾಕಿದೆ. ಈ ಸಲ ಯಜಮಾನರು ಕಾಗದ ತೆಗೆದುಕೊಂಡರು. ತಿಂಗಳ ಮೇಲೆ ಸರ್ಟಿಫಿಕೇಟು ಬಂತು, ಇಂಥ ದಿನದಿಂದ ಇಂಥ ದಿನದ ತನಕ, ಪ್ರೂಫ್ ರೀಡರ್, ಅಷ್ಟೇ. ಅಷ್ಟೇ ಬೇಕಾಗಿದ್ದದ್ದು. ಆರು ತಿಂಗಳಾದ ಮೇಲೆ ಖಾಯಂ ಆದೆ. ಅವತ್ತು ಹೊರಬಿದ್ದದ್ದು ಯಾವ ಪತ್ರಿಕೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಟ್ಯೂಷನ್ ಮೇಷ್ಟರು ತೀರಿಕೊಂಡರು. ಅವರನ್ನು ಕೇಳುವ ಬಾಯಿ ನನಗೆ ಕೊನೆಗೂ ಬರಲಿಲ್ಲ.

ಎಂಟೊಂಬತ್ತು ವರ್ಷದ ಮೇಲೆ ನಗರ್ತಪೇಟೆಯ ಪ್ರೆಸ್ಸು ಮುಚ್ಚಿತು. ಆ ಜಾಗದಲ್ಲಿ ಯಾರೋ ಪ್ಲಾಸ್ಟಿಕ್ ಸಾಮಾನಿನ ಹೋಲ್‌ಸೇಲ್ ಅಂಗಡಿ ಇಟ್ಟರು. ಓಕಳಿಪುರದ ಮೆಷಿನ್‌ಮನ್ ಕೆಲಸ ಕೇಳಿಕೊಂಡು ಶಂಕರಪುರಕ್ಕೆ ಬಂದರು. ಕೂದಲು ಪೂರ್ತಿ ನೆರೆತಿತ್ತು. ಹಳೇ ಯಜಮಾನರು ಆಗಲೇ ತೀರಿಕೊಂಡಿದ್ದರಿಂದ ಇವರ ಬಗ್ಗೆ ಬರೆದು ವಿಚಾರಿಸಲು ಅಲ್ಲಿ ಯಾರೂ ಉಳಿದಿರಲಿಲ್ಲ. ಮ್ಯಾನೇಜರು, "ನೀವು ಜೊತೇಲಿ ಕೆಲಸ ಮಾಡಿದೀರಲ್ಲ, ನೀವೇ ನಾಲ್ಕು ಸಾಲು ಬರೆದು ಕವರಲ್ಲಿ ಹಾಕಿ ಕೊಡಿ," ಎಂದರು.

ಬರೆದೆ. ಮಸಿ ಕೂರಿಸುವುದರಲ್ಲಿ ಇವರಷ್ಟು ಹದ ಬಲ್ಲವರನ್ನು ನಾನು ಕಂಡಿಲ್ಲ. ಹೇಳದೆ ಕೇಳದೆ ಒಂದು ದಿನ ರಜ ಹಾಕಿದವರಲ್ಲ. ಒಮ್ಮೆ ಮಾಲೀಕರ ಮಾತಿನ ಮೇಲೆ ಗುಟ್ಟಿನ ಕೆಲಸದ ಕೆಟ್ಟ ಹಾಳೆಗಳನ್ನು ಬೇರೆ ಕೆಲಸಕ್ಕೆ ಓಡಿಸಿದ್ದುಂಟು. ಅವುಗಳಲ್ಲಿ ಕಡೇಪಕ್ಷ ಒಂದನ್ನು, ಏನೆಂದು ನೋಡದೆ, ಮನೆಗೆ ಒಯ್ದವಳು ನಾನು.

ಲಕೋಟೆ ಅಂಟಿಸುವ ಮೊದಲು ಅವರನ್ನು ನನ್ನ ಮೇಜಿನ ಹತ್ತಿರ ಕರೆದು ಕೂರಿಸಿ, ಪೂರ್ತಿ ಓದಿ ಹೇಳಿದೆ. ಮೂರನೇ ಸಾಲಿಗೆ ಅವರ ಮುಖದ ರಕ್ತ ಇಳಿಯಿತು.

"ಹೇಳಲ್ಲ ಅಂತ ಮಾತು ಕೊಟ್ಟಿದ್ರಲ್ಲ ಮೇಡಂ."

"ಕೊಟ್ಟಿದ್ದೆ ಅಣ್ಣ. ಅದಕ್ಕೇ ಇನ್ನೂ ಅಂಟಿಸಿಲ್ಲ. ಬೇಡ ಅಂದ್ರೆ ಇಲ್ಲೇ ಹರಿದು ಹಾಕ್ತೀನಿ, ಬೇರೆ ಯಾರಾದ್ರೂ ಬರೀಲಿ. ನಾನೇ ಬರೀಬೇಕು ಅಂದ್ರೆ ಇದು ಇರುತ್ತೆ. ನಿಮಗೆ ಗೊತ್ತಿಲ್ದೆ ಮಾತ್ರ ಇಲ್ಲಿಂದ ಹೋಗಲ್ಲ."

ಅವರು ಮೆಷಿನ್ನಿನ ಕಡೆ ತಿರುಗಿ ಕೂತರು. ಯಾವುದೋ ಫಾರಮ್ಮು ಓಡುತ್ತಿತ್ತು. ಅದರ ಸದ್ದಿಗೆ ಕಿವಿಕೊಟ್ಟರು.

"ಕೊನೇಲಿ ನಿಮ್ಮದೂ ಬರೆದಿದೀರಲ್ಲ?"

"ಬರೆದಿದೀನಿ."

"ಅದನ್ನ ಇನ್ನೊಂದ್ಸಲ ಓದಿ."

ಓದಿದೆ. ಅವರು ಗೋಂದಿನ ಬಾಟಲನ್ನು ನನ್ನ ಕಡೆ ಸರಿಸಿ, "ಅಂಟಿಸಿ," ಎಂದರು.